ಹಳ್ಳದ ದಾರಿ ಹೇಳುವ ಪೆಟ್ಟಿಗೆ

ನನ್ನ ಹೆಂಡತಿ ಗೌರಕ್ಕ ಮಣ್ಣಾದ ಮಾರನೆಯ ದಿನ ಆಸೀಫ್ ನಮ್ಮ ಮನೆಗೆ ಬಂದು, ಪಡಸಾಲೆಯ ಗೂಟಕ್ಕೆ ಕಾರಿನ ಕೀಲಿಕೈ ನೇತುಹಾಕಿ ಹೊರಟುಹೋದ. ಅಂದಿನಿಂದ ಕಾರು ಹಿತ್ತಲಿನ ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಮೇಲೆ ಎಲೆ ಉದುರುತ್ತಿದ್ದವು. ಕೋಳಿಗಳು ಅದರಡಿ ಮಲಗುತ್ತಿದ್ದವು.

ನನಗೆ ಕಾರು ನಡೆಸಲು ಬರುವುದಿಲ್ಲ. ಅಣ್ಣಿಗೇರಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸಿದಷ್ಟು ಕಾಲವೂ ಬಸ್ಸಿನಲ್ಲಿಯೇ ಓಡಾಡಿದವನು ನಾನು. ಕಾರು ಕೊಂಡದ್ದು ಗೌರಕ್ಕನ ಮೊಣಕಾಲು ನೋವಿನ ಸಲುವಾಗಿ. ಅದನ್ನು ನಡೆಸುತ್ತಿದ್ದವನು ಬಾಜು ಮನೆಯ ಮಲಿಕಾಬಿಯ ಮಗ ಆಸೀಫ್. ಅವನ ತಾಯಿ ಮತ್ತು ನನ್ನ ಹೆಂಡತಿ ಅದೇ ಕಾರಿನಲ್ಲಿ ಹಿಂದೆ ಕುಳಿತು ಯಮನೂರಿನ ದರ್ಗಾಕ್ಕೂ ಅಣ್ಣಿಗೇರಿಯ ಗುಡಿಗೂ ಹೋಗಿ ಬರುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ.

ನಮ್ಮ ಊರ ಮುಂದೆ ಬಸವಣ್ಣನ ಕಟ್ಟೆಯ ಹತ್ತಿರ ದಾರಿ ಎರಡಾಗುತ್ತದೆ. ಎಡದ್ದು ರೈಲ್ವೆ ಗೇಟು ದಾಟಿ ಹುಬ್ಬಳ್ಳಿಯ ರಸ್ತೆಗೆ ಕೂಡುತ್ತದೆ. ಬಲದ್ದು ಹಳ್ಳ ದಾಟಿ ಅದೇ ರಸ್ತೆಗೆ ಕೂಡುತ್ತದೆ. ಹಳ್ಳದ ದಾರಿ ಹತ್ತಿರ, ಆದರೆ ತಗ್ಗಿನ ಸೇತುವೆ. ಗೇಟಿನ ದಾರಿ ಒಳ್ಳೆಯದು, ಆದರೆ ಗೂಡ್ಸ್ ಗಾಡಿ ಬಂದರೆ ಕಾಯಬೇಕು. ಕಟ್ಟೆಯ ಹತ್ತಿರ ಬಂದ ಕೂಡಲೆ ಆಸೀಫ್ ಕಾರು ಸಾವಕಾಶ ಮಾಡಿ, "ಯಾ ಕಡೆ ಬೇ ಯವ್ವಾ?" ಎಂದು ಕೇಳುತ್ತಿದ್ದ. ಗೌರಕ್ಕ ಬಸವಣ್ಣನಿಗೆ ಕೈಮುಗಿದು ಆಮೇಲೆ ಕೈ ತೋರಿಸುತ್ತಿದ್ದಳು.

ಶ್ರಾವಣದ ಆ ಸಂಜೆ ಆಕೆಗೆ ಎದೆ ಹಿಡಿದಾಗ ಕೈ ತೋರಿಸುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ನಾನು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಚಾಕ್ಷರಿ ಹೇಳುತ್ತಿದ್ದೆ. ಆ ಹೊತ್ತಿಗೆ ಗೇಟು ಹಾಕಿರುತ್ತದೆ ಎಂದು ಆಸೀಫ್ ಬಲಕ್ಕೆ ಹೊರಳಿದ. ನಮ್ಮ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಮೇಲೆ ಎಲ್ಲಿಯೋ ಮಳೆಯಾಗಿ ಹಳ್ಳದ ನೀರು ಸೇತುವೆಯ ಮೇಲೆ ಹರಿಯುತ್ತಿತ್ತು. ಕೆಂಪು ನೀರು. ಆಸೀಫ್ ಇಳಿದು ಮೊಣಕಾಲಿನ ತನಕ ಹೋಗಿ ನೋಡಿ, ಮರಳಿ ಬಂದು ಕಾರು ತಿರುಗಿಸಿದ. ನಾವು ಗೇಟಿಗೆ ಬಂದಾಗ ಅದು ತೆರೆದಿತ್ತು. ಅಷ್ಟರಲ್ಲಿ ನನ್ನ ತೊಡೆಯ ಮೇಲಿನ ಭಾರ ಬೇರೆಯಾಗಿತ್ತು.

ಮೊದಲೇ ಗೇಟಿಗೆ ಹೋಗಿದ್ದರೆ ಅದು ತೆರೆದಿರುತ್ತಿತ್ತೋ ಹಾಕಿರುತ್ತಿತ್ತೋ ನನಗೆ ಗೊತ್ತಿಲ್ಲ. ನಾನು ಯಾರನ್ನೂ ಕೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಮಲಿಕಾಬಿ ಒಂದು ದಿನ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು.

"ಅಣ್ಣಾರ, ಅಂವಾ ಪೇಟಿಯೊಳಗ ಮೆಣಸಿನಕಾಯಿ ಚೀಲಾ ಹೊರಾಕ ಹೊಂಟಾನ. ಎರಡು ಕಡೆ ಡ್ರೈವರ್ ಕೆಲಸಕ್ಕ ಕರದ್ರು, ಒಲ್ಲೆ ಅಂದ."

"ಯಾಕಂತ?"

"ಗಾಲಿ ತಿರುವೂದು ಬರತದ, ದಾರಿ ಆರಸೂದು ನನ್ನಿಂದ ಆಗೂದಿಲ್ಲ ಅಂತಾನ. ಗೌರಕ್ಕನ್ನ ತಾನ ಕೊಂದೆ ಅಂತ ತಲ್ಯಾಗ ಹೊಕ್ಕೇತ್ರಿ ಅದಕ್ಕ. ನಾ ಬೈದು ನೋಡಿದೆ, ಅತ್ತು ನೋಡಿದೆ. ನೀವ ಏನರ ಹೇಳ್ರಿ."

ನಾನು ಏನು ಹೇಳಲಿ? ನಿನ್ನ ತಪ್ಪಿಲ್ಲ ಎಂದು ಮಣ್ಣಿಗೆ ಹೋದ ದಿನವೇ ಹೇಳಿದ್ದೆ. ಹೇಳಿದ ಮಾತು ಅವನ ಕಿವಿಯ ಹೊರಗೇ ನಿಂತಿತ್ತು. ಆದರೆ ಮಲಿಕಾಬಿ ಹೋದ ಮೇಲೆ ನನಗೆ ಒಂದು ವಿಚಾರ ಹೊಳೆಯಿತು. ದಾರಿ ಆರಿಸುವ ಕೆಲಸವನ್ನೇ ಅವನ ತಲೆಯ ಮೇಲಿನಿಂದ ಇಳಿಸಿದರೆ? ಈಗಿನ ಕಾರುಗಳಲ್ಲಿ ಹಾಡೂ ಹೇಳುವ, ದಾರಿಯೂ ಹೇಳುವ ಪೆಟ್ಟಿಗೆ ಇರುತ್ತದೆ. ಅದು ಹೇಳಿದ ಕಡೆ ಅವನು ಗಾಲಿ ತಿರುಗಿಸಿದರಾಯಿತು.

ಗದಗದಲ್ಲಿರುವ ಮಗಳು ನಂದಾಗೆ ಫೋನ್ ಮಾಡಿದೆ. "ಅಪ್ಪಾ, ನಿನಗ್ಯಾಕ ಈಗ ಅದು?" ಎಂದಳು. ಆಮೇಲೆ, "ತಗೊಳ್ಳೂದಾದ್ರ ಚೊಲೋದ ತಗೋ. ಅಗ್ಗದ್ದು ಬ್ಯಾಸಗಿ ಬಿಸಲಿಗೆ ಕೆಟ್ಟು ಕೂಡತದ" ಎಂದಳು.

ಅಣ್ಣಿಗೇರಿಯ ಈರೇಶ ಕಾರಿನ ಸಾಮಾನಿನ ಅಂಗಡಿಯವನು. ಅವನ ತಂದೆ ನಮ್ಮ ಅಡತಿಗೆ ಕಡಲೆ ತರುತ್ತಿದ್ದ. ಈರೇಶ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಮೇಜಿನ ಮೇಲೆ ಎರಡು ಪರದೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ವಿದ್ಯುತ್ತು ಕೊಟ್ಟ. ಒಂದು ಪೂಜೆಯ ಪುಸ್ತಕದಷ್ಟು, ಇನ್ನೊಂದು ಊಟದ ತಾಟಿನಷ್ಟು ಅಗಲ.

"ಇದು ಕಡಿಮಿ ರೇಟಿಂದ್ರಿ. ಹಾಡು, ಫೋನು, ದಾರಿ ಎಲ್ಲಾ ಅದಾವ. ನಕಾಶಿ ಒಮ್ಮೆ ತುಂಬಿ ಬಿಟ್ಟಾರ, ಅಷ್ಟ. ಇದು ನೋಡ್ರಿ, ದೊಡ್ಡದು. ಇದಕ್ಕ ಸಿಮ್ ಬ್ಯಾರೆ. ಗಳಿಗಿಗೊಮ್ಮೆ ನೆಟ್ಟಿನಾಗಿಂದ ಸುದ್ದಿ ತರತದ. ಹಿಂದ ಎಮ್ಮಿ ನಿಂತ್ರೂ ಕ್ಯಾಮರಾದಾಗ ಕಾಣತದ. ಸ್ಪೀಕರ್ ಹಾಕಿದ್ರ ನಿಮ್ಮ ಭಜನಿ ಹಾಡು ಗುಡಿಯೊಳಗ ಕುಂತಂಗ ಕೇಳತಾವ."

"ದಾರಿ ಎರಡೂ ಖರೇ ಹೇಳತಾವೇನು?"

"ಎರಡೂ ಖರೇ ಹೇಳತಾವ್ರಿ."

"ಹಂಗಾದ್ರ ನಮ್ಮ ಊರಿಂದ ಹುಬ್ಬಳ್ಳಿ ದವಾಖಾನಿಗೆ ಹೆಂಗ ಹೋಗಬೇಕು, ಕೇಳು."

ಈರೇಶ ಎರಡರ ಮೇಲೆಯೂ ಬೆರಳು ಆಡಿಸಿದ. ಸಣ್ಣ ಪರದೆಯ ಮೇಲೆ ನೀಲಿ ಗೆರೆ ಬಸವಣ್ಣನ ಕಟ್ಟೆಯಿಂದ ಬಲಕ್ಕೆ ಹೊರಳಿ ಹಳ್ಳ ದಾಟಿತು. ದೊಡ್ಡ ಪರದೆಯ ಮೇಲೆ ಅದೇ ನೀಲಿ ಗೆರೆ ಎಡಕ್ಕೆ ಹೊರಳಿ ಗೇಟು ದಾಟಿತು.

ನಾನು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ.

"ಎರಡೂ ಖರೇ ಅಂದೆಲ್ಲೋ."

"ಖರೇನ್ರಿ. ಸಣ್ಣದು ದೂರ ಅಳೀತದ, ಯಾವುದು ಹತ್ರ ಅದನ್ನ ಹೇಳತದ. ದೊಡ್ಡದು ಹೊತ್ತು ಅಳೀತದ. ರಸ್ತಾ ಹೆಂಗೈತಿ, ಎಲ್ಲಿ ಗಾಡಿ ನಿಂತಾವ, ಎಲ್ಲಾ ನೋಡಿ ಹೇಳತದ. ಅದಕ್ಕ ಅದರ ರೇಟು ಹಂಗ."

"ಶ್ರಾವಣದಾಗ, ಎರಡನೇ ಸ್ವಾಮಾರ ಸಂಜಿಮುಂದ, ಇದು ಯಾವ ದಾರಿ ಹೇಳತಿತ್ತು?"

ಈರೇಶ ನಕ್ಕ. "ನಿಮ್ಮೂರವ್ರಿಗೆಲ್ಲಾ ಆಗಿಹೋದ ದಿನದ್ದ ಬೇಕಲ್ರಿ. ಇದು ಈಗಿಂದು ಹೇಳತದ್ರಿ ಹಿರ್ಯಾರ. ಹಿಂದಿಂದು ಇದಕ್ಕ ಗೊತ್ತಿಲ್ಲ."

ನಾನು ವಿಚಾರ ಮಾಡಿ ಬರುತ್ತೇನೆಂದು ಹೇಳಿ ಎದ್ದೆ.

ಬಸ್ಸಿನಲ್ಲಿ ಕುಳಿತಾಗ ತಲೆಯೊಳಗೆ ಎರಡು ನೀಲಿ ಗೆರೆಗಳು ಕೂಡುತ್ತಿದ್ದವು, ಅಗಲುತ್ತಿದ್ದವು. ಮರುದಿನ ಪೂಜೆಗೆ ಕುಳಿತೆ. ಅಂಗೈಯ ಮೇಲಿನ ಲಿಂಗವನ್ನು ನೋಡುತ್ತಿದ್ದರೂ ಕಣ್ಣ ಮುಂದೆ ಇದ್ದದ್ದು ಆ ಎರಡು ಪರದೆಗಳೇ. ಒಳ್ಳೆಯ ವಸ್ತು ಯಾವುದು ಎಂದು ಕೇಳಿದರೆ ದೊಡ್ಡದೇ. ಕಾಳು ನೋಡಿ ಬೆಲೆ ಹೇಳಿದವನು ನಾನು. ಹಗುರ ಯಾವುದು, ತೂಕದ್ದು ಯಾವುದು ತಿಳಿಯದೆ ಇಲ್ಲ. ನಾಳೆ ಇನ್ನೊಬ್ಬರಿಗೆ ಎದೆ ಹಿಡಿದರೆ ಅವರಿಗೆ ದೊಡ್ಡದೇ ಬೇಕು. ಆದರೆ ಅದನ್ನು ಕಾರಿನಲ್ಲಿ ಕೂಡಿಸಿದರೆ, ಆಸೀಫ್ ಕಟ್ಟೆಯ ಹತ್ತಿರ ಬಂದಾಗಲೆಲ್ಲ ಅದು ಎಡಕ್ಕೆ ಎನ್ನುತ್ತದೆ. ಎಡಕ್ಕೆ ಎಂದಾಗಲೆಲ್ಲ ಅವನಿಗೆ, ನೀನು ಅಂದು ಬಲಕ್ಕೆ ಹೋದೆ ಎಂದು ಕೇಳಿಸುತ್ತದೆ. ಅವನು ಮತ್ತೆ ಕೀಲಿಕೈ ಗೂಟಕ್ಕೆ ಹಾಕುತ್ತಾನೆ.

ಸಣ್ಣದಾದರೋ ಬಲಕ್ಕೆ ಎನ್ನುತ್ತದೆ. ಯಂತ್ರವೂ ತನ್ನ ಹಾಗೆಯೇ ಹೊರಳುತ್ತಿತ್ತು ಎಂದು ಅವನಿಗೆ ಅನಿಸಲಿ.

ಹೀಗೆ ಒಂದು ನಿಶ್ಚಯಕ್ಕೆ ಬಂದೆ. ಸಂಜೆಗೆ ಆ ನಿಶ್ಚಯ ಉಳಿಯಲಿಲ್ಲ. ತಪ್ಪು ದಾರಿ ಹೇಳುವ ವಸ್ತುವನ್ನು ತಿಳಿದೂ ತಿಳಿದೂ ಮನೆಗೆ ತರುವುದು ಯಾವ ಧರ್ಮ? ಅದು ತಪ್ಪು ದಾರಿ ಎಂದು ಹೇಳಿದವರಾದರೂ ಯಾರು? ಹಳ್ಳಕ್ಕೆ ನೀರು ಬಾರದ ದಿನಗಳೇ ಹೆಚ್ಚು. ಇಂಥ ಪ್ರಶ್ನೆಗಳನ್ನು ಗೌರಕ್ಕನ ಮುಂದೆ ಇಟ್ಟಿದ್ದರೆ ಆಕೆ ಅಕ್ಕಿ ಆರಿಸುತ್ತಲೇ ಏನಾದರೂ ಒಂದು ಹೇಳಿ ಮುಗಿಸುತ್ತಿದ್ದಳು. ನನಗೆ ಯಾರೂ ಏನೂ ಹೇಳಲಿಲ್ಲ. ಶಿವನೂ ಹೇಳಲಿಲ್ಲ.

ಕೊನೆಗೆ ಈರೇಶನಿಗೆ ಫೋನ್ ಮಾಡಿ ಸಣ್ಣದನ್ನು ತರಲು ಹೇಳಿದೆ. ಅವನು ಗಾಡಿಯ ಮೇಲೆ ಸಾಮಾನು ಹೇರಿಕೊಂಡು ಬಂದು, ಕೋಳಿಗಳನ್ನು ಓಡಿಸಿ ಕೆಲಸಕ್ಕೆ ಕುಳಿತ.

"ದೊಡ್ಡದು ಯಾಕ ಬಿಟ್ರಿ? ರೊಕ್ಕದ ಸಲುವಾಗಿ ಅಲ್ಲಲ?"

"ಅಲ್ಲ."

"ಮತ್ತ?"

"ಇದು ಹೇಳೂ ದಾರಿ ನನಗ ಸೇರತದ."

ಅವನು ನನ್ನ ಮುಖ ನೋಡಿದ. ಮುದುಕನಿಗೆ ಹೆಂಡತಿ ಹೋದ ಮೇಲೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಬಾಗಿ ತಂತಿ ಜೋಡಿಸತೊಡಗಿದ.

ಮಲಿಕಾಬಿಗೆ ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸುವುದಿತ್ತು. ಕಾರಿನಲ್ಲಿಯೇ ಹೋಗೋಣ, ಆಸೀಫ್ ಬರಲಿ, ಹೊಸ ಪೆಟ್ಟಿಗೆ ಇದೆ, ದಾರಿಯನ್ನು ಅದೇ ಹೇಳುತ್ತದೆ ಎಂದು ತಿಳಿಸಿದೆ. ತಾಯಿಯ ಕಣ್ಣಿನ ಸಲುವಾಗಿ ಅವನು ಬಂದ. ಸೊರಗಿದ್ದ. ಹೆಗಲ ಮೇಲೆ ಚೀಲ ಹೊತ್ತ ಗುರುತು ಅಂಗಿಯ ಮೇಲೂ ಕಾಣುತ್ತಿತ್ತು. ಗೂಟದ ಕೀಲಿಕೈ ತೆಗೆದುಕೊಂಡಾಗ ಅವನ ಕೈ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತು. ನಾನು ಬೇರೆ ಕಡೆ ನೋಡಿದೆ.

ಮಲಿಕಾಬಿ ಹಿಂದೆ ಕುಳಿತಳು. ಗೌರಕ್ಕನ ಜಾಗವನ್ನು ಬಿಟ್ಟು ಕುಳಿತಳು. ನಾನು ಮುಂದೆ ಕುಳಿತೆ. ಆಸೀಫ್ ಪರದೆಯ ಮೇಲೆ ದವಾಖಾನೆಯ ಹೆಸರು ಒತ್ತಿದ. ಕಾರು ಓಣಿ ದಾಟಿ ಬಸವಣ್ಣನ ಕಟ್ಟೆಗೆ ಬಂದಿತು.

"ಬಲಕ್ಕೆ ತಿರುಗಿ" ಎಂದು ಪೆಟ್ಟಿಗೆಯೊಳಗಿನ ಹೆಣ್ಣುದನಿ ಹೇಳಿತು.

ಆಸೀಫ್ ಕಾರು ನಿಲ್ಲಿಸಿದ. ನಾನು ಈ ಗಳಿಗೆಗಾಗಿಯೇ ಅದನ್ನು ಕೊಂಡಿದ್ದೆ.

"ನೋಡಪಾ, ಅದೂ ಹಂಗ ಹೇಳತದ" ಎಂದೆ.

ಅವನು ಮುಂದೆಯೇ ನೋಡುತ್ತಿದ್ದ. "ಕಾಕಾ, ನಾ ಈರೇಶನ ಅಂಗಡಿಗೆ ಹೋಗಿದ್ದೆ. ದೀಪಾವಳಿಕಿಂತ ಮೊದಲ."

ನಾನು ಪರದೆಯ ಕಡೆ ನೋಡಿದೆ.

"ಎರಡೂ ಪೆಟ್ಟಿಗಿಗೆ ಕೇಳೀನ್ರಿ. ಸಣ್ಣದು ಹಳ್ಳ ಅಂತು. ದೊಡ್ಡದು ಗೇಟ್ ಅಂತು. ಆ ದಿನದ್ದು ಹೇಳ್ರಿ ಅಂದೆ. ಈರೇಶ ಗೊತ್ತಿಲ್ಲ ಅಂದ."

"ನನಗೂ ಹಂಗ ಅಂದ" ಎಂದೆ.

ಆಗ ಅವನು ನನ್ನ ಕಡೆ ತಿರುಗಿದ. ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ. "ನೀವು ದೊಡ್ಡದು ನೋಡೀನೂ ಇದನ್ನ ತಂದ್ರಿ?"

"ಹೂಂ."

"ಯಾಕ್ರೀ ಕಾಕಾ, ಚೊಲೋದ ಬಿಟ್ಟು."

ನನ್ನ ಕೈ ಅವನ ಹೆಗಲ ಮೇಲೆ, ಚೀಲದ ಗುರುತಿನ ಮೇಲೆ ಹೋಗಿ ಕುಳಿತಿತು. ಅವನು ತುಟಿ ಕಚ್ಚಿಕೊಂಡು ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಪೆಟ್ಟಿಗೆ ಬಲಕ್ಕೆ ತಿರುಗಿ ಎಂದು ಇನ್ನೊಮ್ಮೆ ಹೇಳಿತು.

ಆಸೀಫ್ ತಲೆಯೆತ್ತಿ ಮುಖ ಒರೆಸಿಕೊಂಡ. "ಯಾ ಕಡೆ ಕಾಕಾ?" ಎಂದ.

ನನಗೆ ಗೊತ್ತಿರಲಿಲ್ಲ. ಹಳ್ಳದಲ್ಲಿ ಈಗ ನೀರಿಲ್ಲ. ಗೇಟು ಹಾಕಿದೆಯೋ ತೆರೆದಿದೆಯೋ ಇಲ್ಲಿಂದ ಕಾಣುವುದಿಲ್ಲ. ನಾನು ಬಸವಣ್ಣನಿಗೆ ಕೈಮುಗಿದೆ.

"ನೀ ಯಾ ಕಡೆ ಹೊರಳಸ್ತಿ, ಆ ಕಡೆ" ಎಂದೆ.

ಅವನು ಎರಡೂ ದಾರಿ ನೋಡಿದ. ಗೇರು ಹಾಕಿದ. ಎಡಕ್ಕೆ ಹೊರಳಿದ.

ಗೇಟು ಹಾಕಿತ್ತು. ನಮ್ಮ ಮುಂದೆ ಒಂದು ಟ್ರ್ಯಾಕ್ಟರು, ಎರಡು ಬೈಕು. ಆಸೀಫ್ ಇಂಜಿನು ಬಂದ್ ಮಾಡಿದ. ನಾನು ಅವನ ಮುಖ ನೋಡಲು ಹೆದರಿದೆ. ಅಷ್ಟರಲ್ಲಿ ಪೆಟ್ಟಿಗೆ, ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಹಠ ಹಿಡಿಯಿತು.

"ಯಾರಲೇ ಇಕಿ?" ಎಂದಳು ಮಲಿಕಾಬಿ. "ನಮ್ಮ ಗೌರಕ್ಕ ಹೇಳೂದು ಒಮ್ಮೆ ಹೇಳತಿದ್ಲು, ಆಮ್ಯಾಲೆ ನೀ ಎತ್ತಾಗರ ಹೋಗು ಅಂತ ಎಲಿ ಅಡಕಿ ಹಾಕ್ಕೊಂಡು ಸುಮ್ಮ ಕೂಡತಿದ್ಲು."

ಆಸೀಫ್ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. "ಬಂದ್ ಮಾಡ್ಲೇನ್ರಿ ಕಾಕಾ ಇದನ್ನ?"

"ಇರಲಿ ಬಿಡು. ಹೇಳ್ಕೊಳ್ಳಲಿ."

ಗೂಡ್ಸ್ ಗಾಡಿ ಬಂದಿತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೇನೋ ಅನ್ನುವಂತೆ ಹೋಗುತ್ತಲೇ ಇತ್ತು. ಆ ಸದ್ದಿನಲ್ಲಿ ಹೆಣ್ಣುದನಿ ಕೇಳಿಸಲಿಲ್ಲ. ಗಾಡಿ ಹೋದ ಮೇಲೆ ಗೇಟು ಎದ್ದಿತು. ಆಸೀಫ್ ಇಂಜಿನು ಚಾಲೂ ಮಾಡಿ ಹಳಿ ದಾಟಿಸಿದ. ದಾಟಿದ ಮೇಲೆ ನೋಡಿದರೆ ಪರದೆಯ ಮೇಲಿನ ನೀಲಿ ಗೆರೆ ಹಳ್ಳವನ್ನು ಬಿಟ್ಟು, ನಾವು ಹೊರಟಿದ್ದ ದಾರಿಯ ಮೇಲೆ ಬಂದು ಕೂತಿತ್ತು.

"ಕಾಕಾ, ಕಿಡಕಿ ಏರಸ್ರಿ, ಧೂಳ ಬರತದ" ಎಂದ ಆಸೀಫ್, ಮೊದಲಿನಂತೆ.