ಹುಸೇನಮ್ಮನ ಮನೆಯ ಪಡಿ

ಎಲೆ ಹಾಕುವ ಕೈ ಬಂತು, ಪಕ್ಕದವಳ ಮುಂದೆ ಒಂದು ಎಲೆ ಇಟ್ಟಿತು, ಅಕ್ಕನಾಗಮ್ಮನನ್ನು ದಾಟಿ ಆಚೆಯವಳ ಮುಂದೆ ಇನ್ನೊಂದು ಇಟ್ಟಿತು — ಮರೆತಿರಬೇಕು, ಇಷ್ಟು ಮಂದಿಯಲ್ಲಿ ಯಾರು ತಾನೇ ಮರೆಯುವುದಿಲ್ಲ, ತಿರುಗಿ ಬಂದೀತು, ತುಪ್ಪದನ್ನದ ವಾಸನೆ ಅಂಗಳದ ತುಂಬ, ಕಂಟ್ರೋಲಿನ ಈ ಕಾಲದಲ್ಲಿ ಇಷ್ಟು ಅಕ್ಕಿ ಎಲ್ಲಿಂದ ಕೂಡಿಸಿದರೋ, ಹುಸೇನಮ್ಮ ಹೋಗಿ ಇವತ್ತಿಗೆ ಮೂರು ದಿನ, ಫಾತೇದ ಊಟ, ಅರಳೆ ಹಿಂಜುವ ಬಿಲ್ಲು ಗೋಡೆಗೆ ಒರಗಿ ಸುಮ್ಮನಿದೆ, ಆದವಾನಿಯ ಹಾಸಿಗೆಗಳೆಲ್ಲ ಆ ಬಿಲ್ಲಿನ ಪೆಟ್ಟಿಗೇ ಉಬ್ಬಿದವು, ಅಕ್ಕನಾಗಮ್ಮನ ಮದುವೆಯ ಹಾಸಿಗೆ ಕೂಡ, ಆಗಲೇ ಅಲ್ಲವೇ ಈ ಪಿಂಜಾರರ ಹೆಂಗಸು ಹಿತ್ತಲಲ್ಲಿ ಅರಳೆ ಬಿಡಿಸುತ್ತ ಕೇಳಿದ್ದು, ಪಂಚಮಿ ಬಂತು, ಸೊಸ್ತೇರೆಲ್ಲ ತವರಿಗೆ ಹೋದ್ರು, ನೀ ಯಾಕ ಹೋಗಲಿಲ್ಲವ್ವಾ, ಚಿಪ್ಪಗಿರಿಯ ತವರನ್ನು ಪ್ಲೇಗು ಗುಡಿಸಿಕೊಂಡು ಹೋಗಿತ್ತು, ಅಷ್ಟೇ ಹೇಳಿದ್ದು, ಮರುದಿನ ಹಿತ್ತಲ ಬಾಗಿಲಲ್ಲಿ ಹೊಸ ಪುಟ್ಟಿ, ಅದರಲ್ಲಿ ಶೇಂಗಾ, ಎಳ್ಳು, ಬೆಲ್ಲ, ಹಸಿರು ಖಣ — ತವರಿಂದ ಬಂದೈತಿ ತಗೋ, ನಾ ಮಾಡಿದ್ದು ನೀವು ಉಣ್ಣಂಗಿಲ್ಲ, ನೀನ ಉಂಡಿ ಕಟ್ಟಿಕೋ.

ಹದಿನೆಂಟು ಪಂಚಮಿ ತನ್ನ ತವರಿನ ಉಂಡಿಯನ್ನು ತಾನೇ ಕಟ್ಟಿ ತಿಂದಳು, ಬಾಣಂತನದಲ್ಲಿ ಕೂಸಿನ ಬಟ್ಟೆ ಒಗೆದವಳು ಹುಸೇನಮ್ಮ, ಹಿತ್ತಲು ದಾಟಿ ಒಂದು ಹೆಜ್ಜೆ ಒಳಗಿಡಲಿಲ್ಲ ಪುಣ್ಯಾತ್ಗಿತ್ತಿ, ಅತ್ತೆ ಇರುವತನಕ ಅತ್ತೆಯ ಹೆದರಿಕೆ, ಸರಿ, ಅತ್ತೆ ಹೋಗಿ ನಾಲ್ಕು ವರ್ಷವಾಯಿತಲ್ಲ, ಆಮೇಲೆ ಯಾರ ಹೆದರಿಕೆ, ಯಾರದೂ ಅಲ್ಲ, ತನ್ನದೇ ಪುಕ್ಕಲುತನ, ಒಂದಿನ ನಿನ್ನ ಮನ್ಯಾಗ ಉಣ್ತೀನಿ ಅಕ್ಕಾ ಅಂದದ್ದೇ ಬಂತು, ಉಣ್ಣೀಯಂತ ಬಿಡು, ಅನ್ನ ಎಲ್ಲಿ ಓಡಿಹೋಗ್ತೈತಿ, ಎಲೆಯಡಿಕೆಯ ಕೆಂಪು ಹಲ್ಲು, ಆ ನಗು, ಅನ್ನ ಓಡಿಹೋಗಲಿಲ್ಲ, ಅವಳೇ ಹೋದಳು, ನಾಲ್ಕೇ ದಿನದ ಜ್ವರ, ಎರಡೆರಡು ಸಲ ತವರು ಕಳೆದುಕೊಂಡವಳು ಈ ಊರಲ್ಲಿ ತಾನೊಬ್ಬಳೇ ಇರಬೇಕು, ಇವತ್ತು ಮಾತ್ರ ಉಂಡೇ ಹೋಗುವುದು, ಎದೆಯ ಮೇಲಿನ ಲಿಂಗಕ್ಕೆ ಇದು ತಿಳಿಯದೇ, ಮಂದಿ ಏನಾದರೂ ಅಂದುಕೊಳ್ಳಲಿ — ಹುಸೇನಮ್ಮನ ಸೊಸೆ ಬಂದಳು, ಕೈಯಲ್ಲಿ ಎಲೆ ಇಲ್ಲ, ಮೊರ, ಮೊರದಲ್ಲಿ ಹಸಿ ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ಬೇಯಿಸಿದ್ದು ಉಣ್ಣದವರಿಗೆ ಕೊಡುವ ಪಡಿ, ಸೆರಗು ಹಿಡೀರಿ ಚಿಗವ್ವಾ, ನಮ್ಮತ್ತಿ ಸಾಯೋ ಮುಂದ ನನ್ನ ಕೈ ಹಿಡಿದು ಹೇಳ್ಯಾರ, ಅಕ್ಕನಾಗಿ ಬಂದ ಬರ್ತಾಳ, ಆಕಿಗೆ ಎಲಿ ಹಾಕಬ್ಯಾಡ, ಪಡಿ ಕೊಡು, ನಮ್ಮ ಸಲುವಾಗಿ ಆಕಿ ಮಂದಿ ಕೈಲಿ ಮಾತು ಕೇಳಬಾರದು ಅಂತ — ಸಾಯುವಾಗಲೂ ಇವಳದೇ ಚಿಂತೆ, ನನ್ನವ್ವಾ, ಇದೊಂದನ್ನು ಮರೆಯಬಾರದಿತ್ತೇ, ಒಂದು ತುತ್ತು ಹಾಕವ್ವಾ ಅನ್ನಬೇಕು, ಅನ್ನಬೇಕು, ಬಾಯಿ ತೆರೆದಿದೆ, ಸಾಲಿನವರೆಲ್ಲ ಕಲಸುವ ಕೈ ನಿಲ್ಲಿಸಿ ನೋಡುತ್ತಿದ್ದಾರೆ, ಅವಳ ಕೈ ತಾನಾಗಿಯೇ ಸೆರಗು ಒಡ್ಡಿದೆ, ಅಕ್ಕಿ ಬೀಳುತ್ತಿದೆ, ಎಡಕ್ಕೆ ಒಂದು ಎಲೆ, ಬಲಕ್ಕೆ ಒಂದು ಎಲೆ, ನಡುವೆ ಸಾರಿಸಿದ ನೆಲ, ಒಂದು ಎಲೆಯಷ್ಟು ಅಗಲದ ನೆಲ, ಒಂದು ಎಲೆಯಷ್ಟು…