ಪೈಲ್ವಾನ್ ಭಾವನ ಬಲತೋಳು

ಕರ್ಪೂರ ಹಾಕಿ ಕಾಯಿಸಿದ ನೋವಿನೆಣ್ಣೆಯ ವಾಸನೆ ಬಂದರೆ ಸಾಕು, ಚಿಕ್ಕಿಗೆ ತನ್ನ ಬಾಲ್ಯದ ಸಂಜೆಗಳು ನೆನಪಾಗುತ್ತಿದ್ದವು. ಅಪ್ಪ ದಿನವಿಡೀ ಮನೆ ಬದಲಿಸುವವರ ಬೀರು, ಮಂಚಗಳನ್ನು ಮಹಡಿ ಹತ್ತಿಸಿ ಇಳಿಸಿ ಬಂದು, ಅಂಗಿ ಬಿಚ್ಚಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಬೆನ್ನಿನ ಎಡಭಾಗ ಅಕ್ಕನದು, ಬಲಭಾಗ ಚಿಕ್ಕಿಯದು. ಎಣ್ಣೆ ತಿಕ್ಕುವಾಗ ಚರ್ಮದ ಕೆಳಗೆ ಏನೋ ಹುರಿಗೊಂಡು ಅತ್ತಿತ್ತ ಜಾರುವುದು ಬೆರಳಿಗೆ ತಿಳಿಯುತ್ತಿತ್ತು. "ಅಪ್ಪಾ, ಒಳಗೆ ಯಾರೋ ಇದಾರೆ" ಎಂದು ಚಿಕ್ಕಿ ಹೆದರಿ ಕೈ ತೆಗೆದಾಗ ಅಪ್ಪ, "ಇರ್ಲಿ ಬಿಡಮ್ಮ, ದುಡಿಯೋರು ಅವರೇ. ನಾನು ಬರೀ ಕೂಲಿ ಇಸ್ಕೊಳ್ಳೋನು" ಎಂದಿದ್ದರು.

ಒಳಗಿರುವವರ ಸಹವಾಸ ಅಕ್ಕತಂಗಿಯರಿಗೆ ಬದುಕಿಡೀ ತಪ್ಪಲಿಲ್ಲ. ಅಕ್ಕನ ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಇಬ್ಬರೂ ಸೇರಿ ವೈದ್ಯಕೀಯ ಕಾಲೇಜುಗಳಿಗೆ ಪ್ಲಾಸ್ಟರ್ ಮನುಷ್ಯರನ್ನು ಮಾಡುತ್ತಿದ್ದರು. ಚರ್ಮವಿಲ್ಲದ, ಸ್ನಾಯುಗಳನ್ನೆಲ್ಲ ತೆರೆದು ತೋರಿಸುತ್ತ ನಿಂತ ಆಳೆತ್ತರದ ಮನುಷ್ಯರು. ಅಚ್ಚು ತೆಗೆಯುವುದು, ಕೆತ್ತುವುದು ಅಕ್ಕನ ಕೆಲಸ, ಬಣ್ಣ ಚಿಕ್ಕಿಯದು. ಅಕ್ಕನ ಮಕ್ಕಳು ಚಿಕ್ಕಂದಿನಲ್ಲಿ ಕರೆದ 'ಚಿಕ್ಕಿ' ಎಂಬ ಹೆಸರು ಅವಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಈಗ ಅಕ್ಕನೂ ಹಾಗೆಯೇ ಕರೆಯುತ್ತಿದ್ದಳು.

ಈ ವರ್ಷ ಅಕ್ಕನ ಬೆರಳುಗಳು ನಡುಗತೊಡಗಿದ್ದವು. ಉಳಿ ಹಿಡಿದರೆ ಗೆರೆ ಓಡುತ್ತಿತ್ತು. ಒಂದು ದಿನ ಉಳಿಯನ್ನು ಒರೆಸಿ ಚಿಕ್ಕಿಯ ಮುಂದಿಟ್ಟು ಹೇಳಿದಳು: "ಈ ಸಲದ ಮನುಷ್ಯ ತಲೆಯಿಂದ ಕಾಲಿನವರೆಗೂ ನಿನ್ನವನು. ಕಾಲೇಜಿನ ಮೇಡಂ ಒಪ್ಕೊಂಡ್ರೆ ಈ ಕೋಣೆ ನಿಂದು. ಒಪ್ಪದಿದ್ರೆ ಬೀಗ ಹಾಕಿ ಇಬ್ರೂ ಕಾಲು ಚಾಚ್ಕೊಂಡು ಕೂರೋಣ."

ಕಾಲು ಚಾಚಿಕೊಂಡು ಕೂತ ತನ್ನನ್ನು ಚಿಕ್ಕಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ.

ಅವರ ಕೋಣೆಗೆ ಒಂದು ಪದ್ಧತಿಯಿತ್ತು. ಬೇರೆಯವರು ಪುಸ್ತಕದ ಚಿತ್ರ ನೋಡಿ ಕೆತ್ತುತ್ತಿದ್ದರು. ಅಕ್ಕ ಹಾಗೆ ಮಾಡುತ್ತಿರಲಿಲ್ಲ. "ಪುಸ್ತಕದಲ್ಲಿರೋ ಸ್ನಾಯು ಮಲಗಿರುತ್ತೆ. ನಮಗೆ ಎದ್ದಿರೋದು ಬೇಕು" ಎನ್ನುತ್ತಿದ್ದಳು. ಅದಕ್ಕಾಗಿ ಜೀವಂತ ಮನುಷ್ಯ ನಿಜವಾಗಿ ಕೆಲಸ ಮಾಡುತ್ತಿರುವಾಗಲೇ ಮೈಮೇಲೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆದು, ಆ ಉಬ್ಬುತಗ್ಗುಗಳನ್ನು ಹಿಡಿದೇ ಒಂದೊಂದು ಎಳೆಯನ್ನೂ ಕೆತ್ತಬೇಕಿತ್ತು. ಆ ಜೀವಂತ ಮನುಷ್ಯ ಮೊದಲಿಂದಲೂ ಭಾವನೇ. ಪ್ರಾಯದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದು ಬೀದಿಯವರಿಂದ 'ಪೈಲ್ವಾನ್' ಎನ್ನಿಸಿಕೊಂಡವರು. ಈಗ ಹೊಟ್ಟೆ ಮುಂದೆ ಬಂದು ಕೂದಲು ಹಿಂದೆ ಹೋಗಿದ್ದರೂ ಹೆಸರು ಇದ್ದಲ್ಲೇ ಇತ್ತು.

ಈ ಸಲದ ಮನುಷ್ಯ ಬಲಗೈ ಮಡಿಸಿ ನೀರು ತುಂಬಿದ ಬಕೆಟ್ ಎತ್ತುತ್ತಿರಬೇಕು ಎಂದು ಮೇಡಂ ಹೇಳಿಕಳಿಸಿದ್ದರು. ಭಾವ ಬಕೆಟ್ ಹಿಡಿದು ನಿಂತರು. ತೋಳಿಗೆ ಪ್ಲಾಸ್ಟರ್ ಬಳಿದಾಯಿತು. "ನೀವಿಬ್ರೂ ಹೋಗಿ ಚಹಾ ಕುಡೀರಿ, ಇದು ಒಣಗೋವರೆಗೂ ನಾನು ಕಂಬದ ಹಾಗೆ ನಿಂತಿರ್ತೀನಿ" ಎಂದರು. ಇಬ್ಬರೂ ಹೋಗಿ ಚಹಾ ಕುಡಿದು ಬಂದಾಗ ಕಂಬದ ಹಾಗೆಯೇ ನಿಂತಿದ್ದರು.

ಮನುಷ್ಯ ತಯಾರಾದ. ಉಳಿದಿದ್ದು ಬಣ್ಣ. ಮೇಡಂ ಬರುವುದು ನಾಳಿದ್ದು ಎನ್ನುವಾಗ ಚಿಕ್ಕಿ ಬಲತೋಳಿಗೆ ಕೆಂಪು ಹಚ್ಚಲು ಕೂತಳು. ಮುಂದೋಳಿಗೆ ಹಚ್ಚಿ ಮೊಣಕೈ ಮಡಿಕೆಗೆ ಬಂದವಳು ಕುಂಚವನ್ನು ಅಲ್ಲೇ ತಡೆದಳು. ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ ಬಿಳಿಯ ನಾರಿನ ಹುರಿಯೊಂದು ಇರುತ್ತದೆ, ಸ್ನಾಯುರಜ್ಜು. ಭಾರ ಎತ್ತುವಾಗ ಅದು ಬಾವಿಹಗ್ಗದಂತೆ ಬಿಗಿದು ಚರ್ಮದಡಿ ಎದ್ದು ನಿಲ್ಲಬೇಕು. ಇಲ್ಲಿ ನಿಂತಿರಲಿಲ್ಲ. ಮೇಲಿನ ಸ್ನಾಯುವೂ ಊಟವಾದ ಮೇಲೆ ಒರಗಿದ ಮನುಷ್ಯನಂತೆ ಚಪ್ಪಟೆಯಾಗಿ ಬಿದ್ದುಕೊಂಡಿತ್ತು.

ಅವಳು ಮೂಲೆಯ ಬಕೆಟ್ಟನ್ನು ಎತ್ತಿ ಕನ್ನಡಿಯ ಮುಂದೆ ನಿಂತು ತನ್ನ ತೋಳು ನೋಡಿಕೊಂಡಳು. ಅವಳ ಕಡ್ಡಿ ತೋಳಿನಲ್ಲೂ ಲಿಂಬೆಹಣ್ಣಿನಷ್ಟು ಉಬ್ಬು ಎದ್ದಿತು, ಮಡಿಕೆಯಲ್ಲಿ ಹುರಿ ಸೆಟೆಯಿತು. ಬಕೆಟ್ಟನ್ನು ಕೆಳಗಿಡಲು ಬಗ್ಗಿದಾಗ ಎತ್ತರದ ಸ್ಟೂಲು ಕಣ್ಣಿಗೆ ಬಿತ್ತು. ಅದರ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಹನಿಗಳು. ನಡುವೆ ಮಾತ್ರ ಒಂದು ಹನಿಯೂ ಇಲ್ಲದ ದುಂಡನೆಯ ಜಾಗ, ಸರಿಯಾಗಿ ಬಕೆಟ್ಟಿನ ತಳದಷ್ಟು.

ಭಾವ ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು, ಹಿಡಿಯ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು ನಿಂತಿದ್ದರು.

ಮೇಡಂ ಬಂದು ಮೊದಲು ನೋಡುವುದೇ ಅಲ್ಲಿ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕೇ ತೋಳಿನಲ್ಲಿ ಮುಂದೊಂದು ಹಿಂದೊಂದು ಜೋಡಿ, ಒಂದು ಎಳೆದಾಗ ಇನ್ನೊಂದು ಬಿಟ್ಟುಕೊಡಬೇಕು: ಅವರು ಪ್ರತಿ ವರ್ಷ ಶುರುಮಾಡುವುದೇ ಈ ಪಾಠದಿಂದ. ಇಲ್ಲಿ ಎಳೆಯುವವನೂ ಇಲ್ಲ, ಬಿಡುವವನೂ ಇಲ್ಲ. ಬಕೆಟ್ ಗಾಳಿಯಲ್ಲಿ ತಾನಾಗಿ ನಿಂತಿದೆ.

ಅಚ್ಚನ್ನು ಮತ್ತೆ ತೆಗೆಯಲೇಬೇಕು. ಆದರೆ ಭಾವನಿಗೆ ಹೇಗೆ ಹೇಳುವುದು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕಿ ಪೇಪರ್ ಓದುತ್ತಿದ್ದ ಭಾವನ ಹತ್ತಿರ ಹೋಗಿ, "ಭಾವಾ, ಪ್ಲಾಸ್ಟರ್ ಯಾಕೋ ಕೈ ಕೊಡ್ತು. ಒಳಗೆ ಗಾಳಿಗುಳ್ಳೆ. ಬಲತೋಳು ಒಂದ್ಸಲ ಮತ್ತೆ ಬೇಕಾಗಿತ್ತು" ಎಂದಳು.

ಭಾವ ಪೇಪರ್ ಕೆಳಗಿಳಿಸಲಿಲ್ಲ. "ಗಾಳಿಗುಳ್ಳೆನಾ?"

"ಹೂಂ. ಮೂಟೇನೇ ಹಳೇದು ಅನ್ಸತ್ತೆ."

"ಮೂಟೆ ಹಳೇದಾದ್ರೆ ಹಾಗೇ ಆಗೋದು" ಎಂದು ಭಾವ ಅದೇ ಪುಟವನ್ನು ಬಹಳ ಹೊತ್ತು ಓದಿದರು.

ಮರುದಿನ ಬೆಳಿಗ್ಗೆ ಅಂಗಿ ಬಿಚ್ಚಿ ಬಂದು ನಿಂತರು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಬಕೆಟ್ಟನ್ನು ಕಂಠದವರೆಗೂ ತುಂಬಿಸಿದ್ದರು. ಚಿಕ್ಕಿ ಸ್ಟೂಲನ್ನು ಆಚೆ ಎಲ್ಲೋ ಇಟ್ಟುಬಂದಿದ್ದಳು. ತೋಳಿಗೆ ವ್ಯಾಸಲೀನ್ ಸವರಿ ಪ್ಲಾಸ್ಟರ್ ಬಳಿದಳು. ಅಕ್ಕ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

"ಅಲ್ಲಾಡ್ಬೇಡ್ರಿ. ಮದುವೆ ಫೋಟೋ ತೆಗೆಸ್ವಾಗ್ಲೂ ಹೀಗೇ ಮಾಡಿದ್ರಿ. ಅದ್ರಲ್ಲಿ ನಿಮಗೆ ಮೂರು ಕಿವಿ."

"ನಾಲಿಗೆಗೆ ಮೂಳೆ ಇಲ್ಲ ಅಂತಾರಲ್ಲ ಚಿಕ್ಕಿ, ಅದು ನಿಜ. ನಿಮ್ಮಕ್ಕಂದು ಪೂರ್ತಿ ಸ್ನಾಯುವೇ. ಬೆಳಿಗ್ಗೆಯಿಂದ ಕೆಲ್ಸ ಮಾಡಿದ್ರೂ ಸುಸ್ತಾಗಲ್ಲ" ಎಂದ ಭಾವನಿಗೆ ತನ್ನ ಮಾತಿಗೆ ತನಗೇ ನಗು ಬಂತು. ನಗು ಹೊಟ್ಟೆಯಿಂದ ಎದೆಗೆ, ಎದೆಯಿಂದ ಭುಜಕ್ಕೆ ಏರಿ, ಹಸಿ ಅಚ್ಚು ಮೊಸರಿನಂತೆ ಒಡೆಯಿತು.

ತೋಳು ತೊಳೆದು ಮತ್ತೆ ಬಳಿದಾಯಿತು. ಅಕ್ಕನನ್ನು ಅಡುಗೆಮನೆಗೆ ಅಟ್ಟಿ ಬಾಗಿಲು ಹಾಕಿಕೊಂಡರು. ಭಾವ ಹಲ್ಲು ಕಚ್ಚಿ ನಿಂತರು. ಸ್ವಲ್ಪ ಹೊತ್ತಿಗೆ ತೋಳು ಸಣ್ಣಗೆ ನಡುಗತೊಡಗಿತು. ಒಳಗಿನ ಎಳೆಗಳೆಲ್ಲ ಒಟ್ಟಿಗೆ ದುಡಿಯುವುದಿಲ್ಲ, ಸರದಿಯ ಮೇಲೆ ದುಡಿಯುತ್ತವೆ ಎಂಬುದು ಚಿಕ್ಕಿಗೆ ಗೊತ್ತಿತ್ತು. ದಣಿದವನು ಬಿಟ್ಟು ಇನ್ನೊಬ್ಬ ಹಿಡಿಯುವ ಗಡಿಬಿಡಿಯೇ ಆ ನಡುಕ. ಬದಲಿಗೆ ಬರುವವರೂ ದಣಿದಿದ್ದರೆ ಏನು ಮಾಡುವುದು? ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಚಿಕ್ಕಿ ಅದನ್ನೂ ಬಿಡಿಸಿ ತೆಗೆದಳು.

ಭಾವ ಬಕೆಟ್ಟನ್ನು ಕೆಳಗಿಟ್ಟು ಎಡಗೈಯಿಂದ ಬಲಭುಜ ಒತ್ತಿಕೊಂಡರು. ಕಿಟಕಿಯ ಕಡೆ ನೋಡುತ್ತ ಕೇಳಿದರು, "ಗಾಳಿಗುಳ್ಳೆ ಏನೂ ಇರ್ಲಿಲ್ಲ ಅಲ್ವಾ?"

ಚಿಕ್ಕಿ ಕೈ ಒರೆಸಿಕೊಂಡಳು. "ಒಂದೆರಡು ಇದ್ವು ಭಾವ."

"ಹೋದ ಚಳಿಗಾಲದಿಂದ ಈ ಭುಜ ನನ್ನ ಮಾತು ಕೇಳ್ತಿಲ್ಲ. ನಿಮ್ಮಕ್ಕಂಗೆ ಹೇಳಿಲ್ಲ. ಅವಳ ಬೆರಳಿನ ಚಿಂತೇನೇ ಅವಳಿಗೆ ಸಾಕು." ಆಮೇಲೆ ಕಾಲಿನಿಂದ ಬಕೆಟ್ಟನ್ನು ಅವಳ ಕಡೆ ಮೆಲ್ಲಗೆ ಸರಿಸಿದರು. "ಅರ್ಧ ಸುರಿ."

ಕಪ್‌ಗಳನ್ನು ಗೆದ್ದ ಮನುಷ್ಯನಿಗೆ ಆ ಎರಡು ಮಾತು ಎಷ್ಟು ಭಾರವೆಂದು ಚಿಕ್ಕಿಗೆ ತಿಳಿಯಿತು. ಅವಳು ಮುಖ ನೋಡದೆ ನೀರನ್ನು ಸುರಿದಳು. "ಇನ್ನೂ ಸ್ವಲ್ಪ" ಎಂದರು. ಇನ್ನೂ ಸ್ವಲ್ಪ ಸುರಿದಳು.

ಮೂರನೆಯ ಸಲ ಚಿಕ್ಕಿ ಪ್ಲಾಸ್ಟರನ್ನು ಭುಜ ದಾಟಿಸಿ ಕುತ್ತಿಗೆಯ ಬುಡದವರೆಗೂ ಬಳಿದಳು. ಪ್ಲಾಸ್ಟರ್ ಬಿಸಿಯೇರಿ ಗಟ್ಟಿಯಾಗುತ್ತಿರುವಾಗ ಭಾವನ ಹೊಟ್ಟೆ ಉದ್ದಕ್ಕೆ ಗುಡುಗಿತು. ಅವರು ತುಟಿ ಅಲುಗಿಸದೆ ಪಿಸುಗುಟ್ಟಿದರು, "ಅದೂ ಸ್ನಾಯುವೇ, ಆದ್ರೆ ನಾನು ಹೇಳಿದ್ದು ಕೇಳೋದಲ್ಲ." ಚಿಕ್ಕಿ ನಗು ತಡೆಯಲು ಕೆನ್ನೆಯ ಒಳಭಾಗ ಕಚ್ಚಿಕೊಂಡಳು. ತೋಳು ಅಲುಗಲಿಲ್ಲ. ಅಚ್ಚು ಬಿಚ್ಚಿದಾಗ ಮಡಿಕೆಯಲ್ಲಿ ಹುರಿ ನಿಂತಿತ್ತು.

ಸಂಜೆಯವರೆಗೂ ಕೆತ್ತಿದಳು. ದೊಡ್ಡ ಉಬ್ಬೇನೂ ಇರಲಿಲ್ಲ. ಸೊರಗಿದ, ಆದರೆ ಎಚ್ಚರವಿರುವ ತೋಳು. ಹಿಂದಿನ ಸ್ನಾಯು ಮುಂದಿನದಕ್ಕೆ ದಾರಿ ಬಿಟ್ಟು ಸಡಿಲವಾಗಿತ್ತು. ಅವಳು ಯಾವುದನ್ನೂ ದಪ್ಪ ಮಾಡಲು ಹೋಗಲಿಲ್ಲ.

ಮಾರನೆಯ ದಿನ ಮೇಡಂ ಬಂದರು. ಕುಳ್ಳನೆಯ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಪ್ಲಾಸ್ಟರ್ ಮನುಷ್ಯನ ಸುತ್ತ ಒಂದು ಸುತ್ತು ಹಾಕಿದರು. ಕಾಲಿನ ಮೀನಖಂಡ, ಬೆನ್ನು, ಕೊರಳು ನೋಡಿ ಬಲತೋಳಿಗೆ ಬಂದು, ತೋರುಬೆರಳಿನಿಂದ ಹುರಿಯನ್ನು ಮುಟ್ಟಿದರು.

"ಇವರಿಗೆ ವಯಸ್ಸಾಗಿದೆ."

"ಹೌದು ಮೇಡಂ."

"ಭುಜ ನೋವಿದೆಯಾ? ಎತ್ತುವಾಗ ಕುತ್ತಿಗೆ ಹತ್ತಿರದ ಸ್ನಾಯು ಸಹಾಯಕ್ಕೆ ಬಂದಿದೆಯಲ್ಲ, ಅದಕ್ಕೆ ಕೇಳಿದೆ."

ಚಿಕ್ಕಿ ಬಾಯಿ ತೆರೆಯುವ ಮೊದಲೇ ಭಾವ ಬಾಗಿಲ ಬಳಿಯಿಂದಲೇ, "ಸ್ವಲ್ಪ ಇದೆ ಮೇಡಂ" ಎಂದುಬಿಟ್ಟರು. ಅಕ್ಕ ತಲೆಯೆತ್ತಿ ಗಂಡನನ್ನು ನೋಡಿದಳು.

ಮೇಡಂ ಕನ್ನಡಕ ಮೇಲೇರಿಸಿಕೊಂಡರು. "ಎಲ್ಲರೂ ನನಗೆ ಬಲಭೀಮರನ್ನೇ ಮಾಡಿ ಕೊಡ್ತಾರೆ. ನಮ್ಮ ಹುಡುಗರ ಹತ್ರ ನಾಳೆ ಬರೋ ರೋಗಿಗಳು ಬಲಭೀಮರಲ್ಲ. ಇದೇ ಇರಲಿ. ಮುಂದಿನ ವರ್ಷಕ್ಕೆ ಒಂದು ಮೆಟ್ಟಿಲು ಹತ್ತೋ ಹೆಂಗಸು ಬೇಕು. ಯಾರ ಹತ್ರ ಮಾತಾಡ್ಬೇಕು?"

"ಅವಳ ಹತ್ರ" ಎಂದಳು ಅಕ್ಕ, ನಡುಗುವ ಬೆರಳನ್ನು ಚಿಕ್ಕಿಯ ಕಡೆ ಚಾಚಿ.

ಮೇಡಂ ಹೋದ ಮೇಲೆ ಭಾವ ಮೇಜಿನ ಮುಂದೆ ಕೂತು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಕ್ಕನ ಬಾಯಿಂದ ಏನು ಬರುವುದೋ ಎಂದು ಕಾದರು. ಅಕ್ಕ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಚಾಕುವಿನ ಸದ್ದಾಯಿತು. ಊಟದ ತಟ್ಟೆಯನ್ನು ನಡುಗುವ ಕೈಗಳೆರಡರಲ್ಲೂ ಹಿಡಿದು ತಂದು ಗಂಡನ ಮುಂದಿಟ್ಟಳು. ಎಲ್ಲವನ್ನೂ ಸಣ್ಣಗೆ ಹೆಚ್ಚಿದ್ದಳು. ಚಮಚ ಅವರ ಎಡಗೈಯ ಕಡೆಗಿತ್ತು.