ತಪ್ಪು ಬೆಣ್ಣೆಯದಲ್ಲ

ದರ್ಜಿಯಮ್ಮನ ಗಂಡ ನಲವತ್ತೆರಡಕ್ಕೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ತಾನೇ ಬೆಣ್ಣೆ ತಿನ್ನಿಸಿ ತಿನ್ನಿಸಿ ಕೊಂದೆ ಅಂದುಕೊಂಡ ಅವಳು ಆಮೇಲೆ ಇಪ್ಪತ್ತೈದು ವರ್ಷ ಮನೆಯೊಳಗೆ ಬೆಣ್ಣೆಯನ್ನೇ ಸೇರಿಸಲಿಲ್ಲ. ಮಕ್ಕಳಿಬ್ಬರೂ ಬೇಯಿಸಿದ ಸೊಪ್ಪು ತಿಂದೇ ಬೆಳೆದರು.

ಇವತ್ತು ಅಂಚೆ ಹಂಚುವ ಮಗಳು ಹೆಗಲಿನ ಚೀಲವನ್ನೂ ಇಳಿಸದೆ, ರಕ್ತಪರೀಕ್ಷೆಯ ಚೀಟಿ ಹಿಡಿದು ಓಡಿಬಂದಳು. ಕಡ್ಡಿಯಂಥ ಹುಡುಗಿಗೆ ಕೊಲೆಸ್ಟ್ರಾಲ್ ಮುನ್ನೂರ ಹತ್ತು!

"ಕದ್ದು ತಿಂತೀಯೇನೇ?" ಅಮ್ಮ ಹೊಲಿಗೆ ನಿಲ್ಲಿಸಿದಳು.

"ಡಾಕ್ಟ್ರೂ ಅದನ್ನೇ ಕೇಳಿದ್ರು! ನಿನ್ನ ಸೊಪ್ಪಿನ ಕಥೆ ಹೇಳಿದೆ, ಅಪ್ಪ ಹೋದ ವಯಸ್ಸೂ ಹೇಳಿದೆ. ಇದು ಅಪ್ಪನಿಂದ ಬಂದಿರೋದಂತೆ ಕಣಮ್ಮಾ. ಬೆಣ್ಣೆ ಒಂಚೂರು ಏರಿಸಿರಬಹುದು, ಆದರೆ ಮೂಲ ಅಪ್ಪನ ರಕ್ತದಲ್ಲೇ ಇತ್ತಂತೆ. ನೀನು ಕೊಂದಿಲ್ಲಮ್ಮಾ! ನನಗೆ ಮಾತ್ರೆ ಬರೆದುಕೊಟ್ಟಿದ್ದಾರೆ."

ದರ್ಜಿಯಮ್ಮನ ಕಣ್ಣು ತುಂಬಿ ಎದುರಿಗಿದ್ದ ಸೂಜಿಯೇ ಕಾಣದಾಯಿತು. ಮರುಗಳಿಗೆಗೆ ಧಡಕ್ಕನೆ ಎದ್ದಳು.

"ಹಾಗಾದ್ರೆ ನಿಮ್ಮಣ್ಣ? ಅವನಿಗಾಗಲೇ ಮೂವತ್ತೈದು!"

"ಅವನಿಗೂ ಪರೀಕ್ಷೆ ಮಾಡಿಸಬೇಕಂತೆ. ಈಗಲೇ ಗೊತ್ತಾದ್ರೆ ತಡೀಬಹುದಂತೆ."

"ಮತ್ತೆ ಕಂಬದ ಹಾಗೆ ನಿಂತಿದ್ದೀಯಲ್ಲೇ!"

ಅಳತೆ ಟೇಪು ಕೊರಳಲ್ಲಿರುವಂತೆಯೇ ಚಪ್ಪಲಿ ಮೆಟ್ಟಿಕೊಂಡು, ಮಗಳಿಗಿಂತ ಮೊದಲೇ ಬೀದಿಗಿಳಿದಳು.